ಕರೆದರೆ ಓಡಿ ಬರಬೇಕು: ಕರಿಯನ ವಿಷಯವಾಗಿ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ನಾಯಿ ಕರಿಯನ ಬಗ್ಗೆ ನೀನು ಬರೆದದ್ದನ್ನು ನಿಧಾನವಾಗಿ ಓದಿದೆ. ಮನೆಯೊಳಗೆ ಕರೆದರೆ ಬಾಲ ಅಲ್ಲಾಡಿಸುತ್ತಾ ಬರುತ್ತಾನೆ. ಬಯಲಿನಲ್ಲಿ ಬಿಟ್ಟು ಕರೆದರೆ ಒಮ್ಮೆ ತಿರುಗಿ ನೋಡಿ, ತನ್ನ ಪಾಡಿಗೆ ತಾನು ಹೋಗುತ್ತಾನೆ. ಎಂಟು ತಿಂಗಳಿಗೇ ಇಷ್ಟು ಹಠ, ನನ್ನ ಮೇಲೆ ಪ್ರೀತಿಯೇ ಇಲ್ಲ ಅಂತ ಕೊನೆಯಲ್ಲಿ ಬರೆದಿದ್ದೀಯಲ್ಲ, ಆ ಸಾಲು ಓದಿ ಬೇಜಾರಾಯಿತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಪ್ರೀತಿಯ ಮಾತು ಬಿಟ್ಟುಬಿಡು. ಕರೆದಾಗ ನಾಯಿ ನೋಡುವುದು ಒಂದನ್ನೇ: ಹಿಂದೆ ಈ ಕೂಗು ಕೇಳಿ ಹತ್ತಿರ ಹೋದಾಗ ಏನಾಯಿತು? ಈಗ ನಿನ್ನ 'ಬಾ' ಎನ್ನುವುದನ್ನು ಕರಿಯನ ಕಡೆಯಿಂದ ಯೋಚನೆ ಮಾಡು. ಬಯಲಿನಲ್ಲಿ 'ಬಾ' ಅಂದರೆ ಬೆಲ್ಟು ಬಿತ್ತು, ಆಟ ಮುಗಿಯಿತು. ಮನೆಯಲ್ಲಿ 'ಬಾ' ಅಂದರೆ ಒಮ್ಮೊಮ್ಮೆ ಸ್ನಾನ, ಒಮ್ಮೊಮ್ಮೆ ಉಗುರು ಕತ್ತರಿಸುವುದು, ಒಮ್ಮೊಮ್ಮೆ ಕಿವಿಗೆ ಔಷಧಿ. ಲೇಟಾಗಿ ಬಂದ ದಿನ ಬೈಗುಳ. ಇಷ್ಟೆಲ್ಲಾ ಆದ ಮೇಲೂ ಅವನು ನಿಂತು ನಿನ್ನ ಕಡೆ ನೋಡುತ್ತಾನೆ ಅಂದರೆ, ಅವನಲ್ಲಿ ಇನ್ನೂ ಆಸೆ ಉಳಿದಿದೆ ಅಂತ ಅರ್ಥ.

ಬೈಯುವ ವಿಷಯ ಮೊದಲು ಮುಗಿಸೋಣ. ಹತ್ತು ನಿಮಿಷ ಸತಾಯಿಸಿ ಬಂದ ನಾಯಿಗೆ ನೀನು ಗದರಿದರೆ, ಅದು ಆ ಹತ್ತು ನಿಮಿಷಕ್ಕೆ ಬಿದ್ದ ಶಿಕ್ಷೆ ಅಂತ ಅದಕ್ಕೆ ತಿಳಿಯುವುದಿಲ್ಲ. ಅದು ಕೊನೆಯದಾಗಿ ಮಾಡಿದ ಕೆಲಸ ಏನು? ನಿನ್ನ ಹತ್ತಿರ ಬಂದದ್ದು. ಪೆಟ್ಟು ಬಿದ್ದದ್ದು ಅದಕ್ಕೇ. 'ಇಲ್ಲ, ಅವನಿಗೆ ತಪ್ಪು ಗೊತ್ತು, ತಲೆ ತಗ್ಗಿಸಿ ನಿಲ್ಲುತ್ತಾನೆ' ಅಂತ ನೀನು ಹೇಳಬಹುದು. 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ಸಂಶೋಧಕಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ತಿನ್ನಬೇಡ ಅಂತ ಹೇಳಿದ ತಿಂಡಿಯನ್ನು ನಾಯಿ ತಿಂದಿದ್ದರೂ ಸರಿ, ತಿನ್ನದಿದ್ದರೂ ಸರಿ, ಯಜಮಾನರು ಗದರಿದಾಗ ಆ 'ತಪ್ಪಿತಸ್ಥ' ಮುಖ ಬರುತ್ತಿತ್ತು. ತಪ್ಪೇ ಮಾಡದೆ ಬೈಸಿಕೊಂಡ ನಾಯಿಗಳಲ್ಲಿ ಅದು ಇನ್ನೂ ಜಾಸ್ತಿ ಕಂಡಿತು. ಅಂದರೆ ಆ ತಗ್ಗಿದ ತಲೆ ನಿನ್ನ ಸಿಟ್ಟಿಗೆ ಕೊಡುವ ಉತ್ತರ. ಎಷ್ಟೇ ತಡವಾಗಿ ಬರಲಿ, ಯಾರ ಚಪ್ಪಲಿಯನ್ನಾದರೂ ಕಚ್ಚಿಕೊಂಡು ಬರಲಿ, ಬಂದ ನಾಯಿಗೆ ಒಳ್ಳೆಯದೇ ಸಿಗಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಈಗ ಕೆಲಸಕ್ಕೆ ಬರೋಣ. ಹಳೆಯ 'ಬಾ' ಕೆಟ್ಟುಹೋಗಿದೆ. ಅದನ್ನು ರಿಪೇರಿ ಮಾಡುವುದಕ್ಕಿಂತ ಹೊಸ ಪದ ಹುಡುಕುವುದು ಸುಲಭ. ದಿನದ ಮಾತಿನಲ್ಲಿ ಬಾರದ, ದೂರದಿಂದ ಕೂಗಲು ಬರುವ ಯಾವ ಪದವಾದರೂ ನಡೆಯುತ್ತದೆ. ನನ್ನ ಕೇಳಿದರೆ ಸೀಟಿ ಇನ್ನೂ ಒಳ್ಳೆಯದು. ನಿನಗೆ ಸಿಟ್ಟು ಬಂದಿರಲಿ, ಗಾಬರಿಯಾಗಿರಲಿ, ಅದರ ದನಿ ಬದಲಾಗುವುದಿಲ್ಲ. ಮನೆಯಲ್ಲಿ ಯಾರು ಊದಿದರೂ ಒಂದೇ. ಪ್ಯಾಟ್ರಿಷಿಯಾ ಮೆಕ್‌ಕಾನೆಲ್ ಅಂತ ಒಬ್ಬರು, ಬೇರೆ ಬೇರೆ ಭಾಷೆಯವರು ಪ್ರಾಣಿಗಳನ್ನು ಹೇಗೆ ಕರೆಯುತ್ತಾರೆ ಅಂತ ದನಿ ಮುದ್ರಿಸಿಕೊಂಡು ಅಧ್ಯಯನ ಮಾಡಿದವರು. ಚುರುಕಾಗಿ ಓಡಿಸಲು ಎಲ್ಲರೂ ಚಿಕ್ಕ ಚಿಕ್ಕ ಸದ್ದುಗಳನ್ನು ಮತ್ತೆ ಮತ್ತೆ ಮಾಡುತ್ತಾರೆ, ನಿಲ್ಲಿಸಲು ಒಂದೇ ಉದ್ದನೆಯ ಸದ್ದು ಬಳಸುತ್ತಾರೆ ಅಂತ ಅವರು ಕಂಡುಕೊಂಡರು. ಹಾಗಾಗಿ ಪೀ-ಪೀ-ಪೀ ಅಂತ ಮೂರು ಚಿಕ್ಕ ಊದು ಸಾಕು. 'ಕರಿಯಾssss' ಅಂತ ಎಳೆದು ಗದರುವುದು ಅವನನ್ನು ನಿಲ್ಲಿಸೀತು, ಕರೆತರುವುದು ಕಷ್ಟ.

ಶುರುವಿನಲ್ಲಿ ಅವನು ಬರಬೇಕಾದ ಅಗತ್ಯವೂ ಇಲ್ಲ. ಮನೆಯೊಳಗೆ, ಅವನು ಪಕ್ಕದಲ್ಲೇ ಇರುವಾಗ, ಸೀಟಿ ಊದು. ಆಮೇಲೆ ಬಾಯಿಗೆ ಒಂದು ತುಂಡು ಕೋಳಿ ಮಾಂಸ. ಅಷ್ಟೇ. ಇಲ್ಲಿ ಒಂದು ಸಣ್ಣ ವಿಷಯ ಬಹಳ ಮುಖ್ಯ: ಸದ್ದು ಮೊದಲು, ಕೈ ಆಮೇಲೆ. ಕೈ ಮೊದಲೇ ಜೇಬಿಗೆ ಹೋದರೆ ಅವನು ನೋಡುವುದು ಕೈಯನ್ನು, ಸೀಟಿ ಕಿವಿಗೇ ಬೀಳುವುದಿಲ್ಲ. ಪಾವ್ಲೋವ್ ಎಂಬ ರಷ್ಯಾದ ವಿಜ್ಞಾನಿ ನೂರು ವರ್ಷಕ್ಕೂ ಹಿಂದೆ ನಾಯಿಗಳ ಜೊಲ್ಲಿನಲ್ಲಿ ಕಂಡದ್ದೂ ಇದನ್ನೇ. ಊಟಕ್ಕೆ ಮುಂಚೆ ಬಂದ ಸದ್ದು, ನಿಧಾನವಾಗಿ ಊಟದ ಸುದ್ದಿಯೇ ಆಗಿಬಿಡುತ್ತದೆ. ಸೀಟಿ ಕೇಳಿದೊಡನೆ ಕರಿಯ ತಟ್ಟನೆ ತಲೆ ಎತ್ತಿ ನಿನ್ನ ಮುಖ ಹುಡುಕುತ್ತಾನೆ ನೋಡು, ಆಗ ನಾಲ್ಕು ಹೆಜ್ಜೆ ದೂರ ಹೋಗಿ ಊದು. ಮುಂದೆ ಪಕ್ಕದ ಕೋಣೆಯಿಂದ. ಆಮೇಲೆ ಅಂಗಳ.

ತಿಂಡಿಯಲ್ಲಿ ಜಿಪುಣತನ ಬೇಡ. ದಿನಾ ತಿನ್ನುವ ಬಿಸ್ಕತ್ತಿಗೆ ಬೆಕ್ಕನ್ನು ಬಿಟ್ಟು ಯಾವ ನಾಯಿ ಬರುತ್ತದೆ ಹೇಳು? ಈ ಸೀಟಿಗೆ ಮಾತ್ರ ಸಿಗುವ, ಬೇರೆ ಯಾವಾಗಲೂ ಸಿಗದ ಒಂದು ಪದಾರ್ಥ ಇಟ್ಟುಕೋ. ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ ಮಾಂಸ, ಮೊಟ್ಟೆ, ಯಾವುದಾದರೂ ಸರಿ. ಬಟಾಣಿ ಕಾಳಿನಷ್ಟು ಚಿಕ್ಕ ತುಂಡು ಸಾಕು, ಆದರೆ ಬಂದಾಗ ಒಂದೇ ಕೊಟ್ಟು ಮುಗಿಸಬೇಡ. ಒಂದಾದ ಮೇಲೆ ಒಂದು, ಐದಾರು ಕೊಡು. ಜೊತೆಗೆ ಬಾಯಿ ತುಂಬಾ ಮಾತಾಡಿಸು. ನಿನ್ನ ಹತ್ತಿರ ನಿಲ್ಲುವುದೂ ಚೆನ್ನಾಗಿರುತ್ತದೆ ಅಂತ ಅವನಿಗೆ ಅನ್ನಿಸಬೇಕು.

ಎಷ್ಟೋ ನಾಯಿಗಳು ಓಡಿ ಬರುತ್ತವೆ, ಆದರೆ ಕೈಗೆ ಸಿಗದಷ್ಟು ದೂರದಲ್ಲಿ ನಿಂತು ಕುಣಿಯುತ್ತವೆ. ಕಾಲರ್ ಹಿಡಿಯಲು ಕೈ ಚಾಚಿದರೆ ಹಾರಿ ಹಿಂದೆ ಸರಿಯುತ್ತವೆ. ಕುತ್ತಿಗೆಗೆ ಕೈ ಬಂದರೆ ಸ್ವಾತಂತ್ರ್ಯ ಮುಗಿಯಿತು ಅಂತ ಅವು ಕಲಿತಿರುತ್ತವೆ. ಇದನ್ನು ಬೇರೆಯಾಗಿಯೇ ಕಲಿಸಬೇಕು. ಮನೆಯಲ್ಲಿ ಸುಮ್ನೆ ಕೂತಿರುವಾಗ ಕಾಲರ್ ಮುಟ್ಟು, ತಿಂಡಿ ಕೊಡು, ಬಿಡು. ಮೆಲ್ಲಗೆ ಹಿಡಿ, ಕೊಡು, ಬಿಡು. ಹೊರಗೆ ಹೋದಾಗ ತಿಂಡಿ ಕೊಡುವ ಕೈ ನಿನ್ನ ಮೊಣಕಾಲಿಗೆ ತಾಗಿಕೊಂಡೇ ಇರಲಿ. ನೀನೇ ಕೈ ಚಾಚಿದರೆ ಅವನು ದೂರದಲ್ಲೇ ನಿಲ್ಲಲು ಕಲಿಯುತ್ತಾನೆ.

ಬಯಲಿಗೆ ಹೋಗುವ ಮುಂಚೆ ಒಂದು ಉದ್ದನೆಯ ಹಗ್ಗ ಬೇಕು, 5 ರಿಂದ 10 ಮೀಟರ್. ಈ ಹಗ್ಗವನ್ನು ಕಾಲರಿಗೆ ಕಟ್ಟಲೇಬೇಡ. ಪೂರ್ತಿ ವೇಗದಲ್ಲಿ ಓಡುವ ನಾಯಿ ಹಗ್ಗದ ತುದಿ ಮುಟ್ಟಿದರೆ ಕುತ್ತಿಗೆಗೆ ಪೆಟ್ಟಾಗುತ್ತದೆ. ಎದೆಗೆ ಹಾಕುವ ಹಾರ್ನೆಸ್ ತೆಗೆದುಕೊಂಡು, ಬೆನ್ನ ಮೇಲಿನ ಬಳೆಗೆ ಕಟ್ಟು. ಕೈಗೆ ಸುತ್ತಿಕೊಳ್ಳಬೇಡ, ಬೆರಳು ಮುರಿದೀತು. ಗ್ಲೌಸ್ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಗುಂಡಿ ಒತ್ತಿದರೆ ತಾನೇ ಸುತ್ತಿಕೊಳ್ಳುವ ಬೆಲ್ಟು ಬರುತ್ತದಲ್ಲ, ಅದು ಈ ಕೆಲಸಕ್ಕೆ ಆಗುವುದಿಲ್ಲ. ಅದು ಯಾವಾಗಲೂ ಸ್ವಲ್ಪ ಎಳೆಯುತ್ತಲೇ ಇರುತ್ತದೆ, ಬಿಟ್ಟ ಅನುಭವವೇ ನಾಯಿಗೆ ಸಿಗುವುದಿಲ್ಲ.

ಹಗ್ಗ ಇರುವುದು ಎಳೆದು ತರುವುದಕ್ಕಲ್ಲ. ಸೀಟಿ ಕೇಳಿಯೂ ಓಡಿಹೋಗಿ ಮಜಾ ಮಾಡುವ ಅವಕಾಶ ಅವನಿಗೆ ಸಿಗಬಾರದು, ಅದಕ್ಕೆ. ಕರೆದಾಗ ಬಾರದೆ ಅಳಿಲಿನ ಹಿಂದೆ ಓಡಿದ ಪ್ರತಿ ಸಲವೂ ಆ ಓಟವೇ ಅವನಿಗೆ ಬಹುಮಾನ. ನೀನು ಕೊಡುವ ಮಾಂಸಕ್ಕಿಂತ ದೊಡ್ಡ ಬಹುಮಾನ. ಆದ್ದರಿಂದ ಒಂದೇ ಸಲ ಊದು. ಬರಲಿಲ್ಲ ಅಂದರೆ ಮತ್ತೆ ಮತ್ತೆ ಊದಬೇಡ. ನೀನೇ ಹಗ್ಗ ಹಿಡಿದುಕೊಂಡು ಹತ್ತಿರ ಹೋಗಿ, ತಿಂಡಿ ಮೂಗಿಗೆ ತೋರಿಸಿ, ಹಿಂದೆ ಹಿಂದೆ ನಡೆಯುತ್ತಾ ಕರೆದುಕೊಂಡು ಬಾ. ಎರಡು ಸಲ ಹೀಗಾದರೆ ಆ ಜಾಗ ಅವನಿಗೆ ಇನ್ನೂ ಕಷ್ಟ ಅಂತ ತಿಳಿದು, ಸ್ವಲ್ಪ ಶಾಂತವಾದ ಜಾಗಕ್ಕೆ ಹೋಗು. ಬರುತ್ತಾನೆ ಅಂತ ನಿನಗೇ ನಂಬಿಕೆ ಇಲ್ಲದಾಗ ಊದಲೇಬೇಡ.

ನಿನ್ನ ಮೈ ಹೇಗಿರುತ್ತದೆ ಅನ್ನುವುದೂ ಮುಖ್ಯ. ಅಲುಗಾಡದೆ ನಿಂತದ್ದಕ್ಕಿಂತ ಚಲಿಸುವುದು ನಾಯಿಯ ಕಣ್ಣಿಗೆ ಬೇಗ ಬೀಳುತ್ತದೆ. ಕರೆದ ತಕ್ಷಣ ತಿರುಗಿ ಅವನಿಂದ ದೂರ ಓಡು. ಅವನು ಹಿಂದೆ ಬರುತ್ತಾನೆ. ನೀನು ಅವನ ಹಿಂದೆ ಓಡಿದೆಯೋ, ಹಿಡಿಯುವ ಆಟ ಶುರುವಾಯಿತು, ಅದರಲ್ಲಿ ನಾಲ್ಕು ಕಾಲಿನವನೇ ಗೆಲ್ಲುತ್ತಾನೆ. ಎಂದಾದರೂ ಕೈತಪ್ಪಿ ರಸ್ತೆಯ ಕಡೆ ಹೋದರೂ ಇದೇ ನೆನಪಿರಲಿ. ಅಟ್ಟಿಸಿಕೊಂಡು ಹೋಗಬೇಡ, ಎದುರು ದಿಕ್ಕಿಗೆ ಓಡು, ಇಲ್ಲವೇ ನೆಲದ ಮೇಲೆ ಕುಳಿತುಬಿಡು. ಹತ್ತಿರ ಬಂದಾಗ ಮೇಲಿಂದ ಬಗ್ಗಬೇಡ, ಅದು ಅವನಿಗೆ ಹೆದರಿಕೆ. ಪಕ್ಕಕ್ಕೆ ತಿರುಗಿ ಕುಕ್ಕರುಗಾಲಲ್ಲಿ ಕೂರು.

ಇಷ್ಟರಲ್ಲೆಲ್ಲಾ ನನಗೆ ಅತಿ ಮುಖ್ಯ ಅನ್ನಿಸುವುದು ಈಗ ಹೇಳುವುದು. ಬಂದವನನ್ನು ಮತ್ತೆ ಬಿಡು. ಕರೆ, ಕಾಲರ್ ಹಿಡಿ, ತಿಂಡಿ ಕೊಡು, 'ಹೋಗು' ಅಂತ ಕಳಿಸು. ಒಂದು ತಿರುಗಾಟದಲ್ಲಿ ಹತ್ತು ಸಲ ಕರೆದರೆ ಒಂಬತ್ತು ಸಲ ವಾಪಸ್ ಆಟಕ್ಕೆ ಹೋಗಲಿ. ಡೇವಿಡ್ ಪ್ರೀಮ್ಯಾಕ್ ಅನ್ನುವ ಮನಃಶಾಸ್ತ್ರಜ್ಞರು 1959ರಲ್ಲಿ ಇದನ್ನೇ ಒಂದು ನಿಯಮವಾಗಿ ಹೇಳಿದ್ದರು: ತುಂಬಾ ಇಷ್ಟದ ಕೆಲಸವನ್ನು ಕಡಿಮೆ ಇಷ್ಟದ ಕೆಲಸಕ್ಕೆ ಬಹುಮಾನವಾಗಿ ಇಡಬಹುದು. ನಿನ್ನ ಹತ್ತಿರ ಬಂದರೆ ಆ ಪೊದೆಯ ವಾಸನೆ ನೋಡಲು ಮತ್ತೆ ಸಿಗುತ್ತದೆ ಅಂತ ಗೊತ್ತಾದರೆ, ಪೊದೆಯೇ ನಿನ್ನ ಕಡೆಯ ಬಹುಮಾನವಾಗುತ್ತದೆ. ನಮ್ಮ ನಾಯಿ ರಾಣಿಯಲ್ಲಿ ನಾನು ಕಂಡದ್ದು ಇದೇ. ಮಾಂಸಕ್ಕಿಂತ ಜಾಸ್ತಿ ಅವಳನ್ನು ಗೆದ್ದದ್ದು 'ಹೋಗು' ಅನ್ನುವ ಮಾತು. ಮನೆಗೆ ಹೊರಡುವಾಗ ಕರೆದ ಕೂಡಲೇ ಬೆಲ್ಟು ಹಾಕಬೇಡ. ಸ್ವಲ್ಪ ಹೊತ್ತು ಜೊತೆಯಲ್ಲಿ ಆಡಿ, ಆಮೇಲೆ ಹಾಕು. ಸ್ನಾನ, ಔಷಧಿ ಇದ್ದರೆ ಸೀಟಿ ಮುಟ್ಟದೆ ನೀನೇ ಹೋಗಿ ಕರೆದುಕೊಂಡು ಬಾ.

ಕರಿಯನ ವಯಸ್ಸನ್ನೂ ಮರೆಯಬೇಡ. 2020ರಲ್ಲಿ ಬ್ರಿಟನ್ನಿನ ಸಂಶೋಧಕರು ನಾಯಿಗಳ ಹರೆಯದ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಐದು ತಿಂಗಳಿನಲ್ಲಿ ಹೇಳಿದ ಮಾತು ಕೇಳುತ್ತಿದ್ದ ಮರಿಗಳು ಎಂಟು ತಿಂಗಳಿಗೆ ತಮ್ಮವರ ಮಾತನ್ನು ಕಡಿಮೆ ಕೇಳಿದವು. ಅಪರಿಚಿತರು ಹೇಳಿದರೆ ಮಾತ್ರ ಹಾಗೆ ಕಡಿಮೆಯಾಗಲಿಲ್ಲ. ಅಂದರೆ ನಿನ್ನ ಮಾತು ಮಾತ್ರ ಕೇಳುವುದಿಲ್ಲ ಅಂತ ನಿನಗೆ ಅನ್ನಿಸಿದ್ದು ಸುಳ್ಳಲ್ಲ. ಆದರೆ ಅದು ದಾಟಿಹೋಗುವ ಕಾಲ. ಈ ತಿಂಗಳುಗಳಲ್ಲಿ ಹಗ್ಗ ಬಿಚ್ಚಬೇಡ, ಅಷ್ಟೇ.

ಕರೆಂಟ್ ಹೊಡೆಯುವ ಕಾಲರ್ ತರಿಸಲಾ ಅಂತ ನೀನು ಕೇಳಿದ್ದೆ. ದಯವಿಟ್ಟು ಬೇಡ. ವೇಲ್ಸ್‌ನಲ್ಲಿ 2010ರಿಂದಲೇ ಅದಕ್ಕೆ ನಿಷೇಧ ಇದೆ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು, ಕರೆದರೆ ಬಾರದಂಥ ತೊಂದರೆ ಇದ್ದ ನಾಯಿಗಳನ್ನೇ ತೆಗೆದುಕೊಂಡು, ಆ ಕಾಲರ್ ಬಳಸುವ ತರಬೇತಿಯನ್ನೂ ಬಹುಮಾನದ ತರಬೇತಿಯನ್ನೂ ಹೋಲಿಸಿ ನೋಡಿದ್ದಾರೆ. 2020ರಲ್ಲಿ ಅದು ಪ್ರಕಟವಾಯಿತು. ಕಾಲರ್‌ನಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಬಹುಮಾನದಿಂದ ಕಲಿತ ನಾಯಿಗಳೇ ಮೊದಲ ಕೂಗಿಗೆ ಚೆನ್ನಾಗಿ ಸ್ಪಂದಿಸಿದವು. ನೋವು ಕೊಡದೆ ಅಷ್ಟೇ ಕೆಲಸ ಆಗುತ್ತದೆ ಅಂದ ಮೇಲೆ ನೋವು ಯಾಕೆ ಕೊಡಬೇಕು, ಅಲ್ವಾ?

ಹಗ್ಗ ಯಾವಾಗ ಬಿಚ್ಚಬಹುದು? ಬೇರೆ ನಾಯಿ, ಓಡುವ ಮಕ್ಕಳು, ಹಕ್ಕಿ, ಇವೆಲ್ಲ ಇರುವಾಗಲೂ ಮೊದಲ ಸೀಟಿಗೇ ಹಗ್ಗ ಬಿಗಿಯಾಗದೆ ತಿರುಗಿ ಬರುತ್ತಿದ್ದಾನೆ ಅಂದರೆ ಹಗ್ಗವನ್ನು ನೆಲಕ್ಕೆ ಬಿಡು, ಎಳೆದುಕೊಂಡು ಓಡಾಡಲಿ. ಅದೂ ಸರಿಯಾದ ಮೇಲೆ ಬೇಲಿ ಇರುವ ಜಾಗದಲ್ಲಿ ಬಿಚ್ಚು. ರಸ್ತೆಯ ಪಕ್ಕದಲ್ಲಿ ಎಂದಿಗೂ ಬೇಡ, ಎಷ್ಟೇ ಚೆನ್ನಾಗಿ ಕಲಿತಿರಲಿ. ಬೇಟೆಗೆಂದೇ ಬೆಳೆಸಿದ ಜಾತಿಯ ಕೆಲವು ನಾಯಿಗಳು ವಾಸನೆಯ ಜಾಡು ಸಿಕ್ಕರೆ ಲೋಕವನ್ನೇ ಮರೆಯುತ್ತವೆ. ಅಂಥವಕ್ಕೆ ಜೀವನಪೂರ್ತಿ ಉದ್ದ ಹಗ್ಗವೇ ಇದ್ದರೂ ಏನೂ ತಪ್ಪಿಲ್ಲ, ಅದರಲ್ಲೇ ಚೆನ್ನಾಗಿ ಓಡಾಡಿಕೊಂಡಿರುತ್ತವೆ.

ಮನೆಯವರನ್ನೆಲ್ಲಾ ಒಮ್ಮೆ ಕೂರಿಸಿ ಹೇಳು. ಯಾರೂ ಸುಮ್ನೆ ಆಟಕ್ಕೆ ಸೀಟಿ ಊದಬಾರದು, ಊದಿದರೆ ಕೈಯಲ್ಲಿ ತಿಂಡಿ ಇರಲೇಬೇಕು. ಮೊದಲ ವಾರ ಮನೆಯೊಳಗೇ ಮಾಡು, ಬಯಲಿನ ಆತುರ ಬೇಡ. ಹಾರ್ನೆಸ್ ತೆಗೆದುಕೊಳ್ಳುವಾಗ ಅವನ ಎದೆಯ ಸುತ್ತಳತೆ ಅಳೆದುಕೊಂಡು ಹೋಗು. ಹಾಕಿದ ಮೇಲೆ ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು. ಅಂಗಳದವರೆಗೆ ಬಂದಾಗ ಹೇಗಾಯಿತು ಅಂತ ಬರೆ. ಅಲ್ಲಿ ಎಲ್ಲಿ ತಡೆಯಿತು ಅಂತ ಗೊತ್ತಾದರೆ ಮುಂದಿನದನ್ನು ಹೇಳಲು ನನಗೆ ಸುಲಭ.

ನಿನ್ನ ಪ್ರೀತಿಯ ಗೆಳೆಯ