ಎಸ್.ಪಿ. ರಸ್ತೆಯ ಹಿಂದಿನ ಓಣಿಯ ಹಿರಿಯರಿಗೆ

ಸಸ್ಯಶಾಸ್ತ್ರ ಕಲಿಸುತ್ತಿದ್ದ ಅಪ್ಪನ ಹಳೆಯ ಹಿತ್ತಾಳೆ ಸೂಕ್ಷ್ಮದರ್ಶಕದ ಫೋಕಸ್ ಗುಂಡಿ ಕಲ್ಲಿನಂತೆ ಕಚ್ಚಿಕೊಂಡಿತ್ತು. ಭಾನುವಾರ ಮೊಮ್ಮಗಳಿಗೆ ತೋರಿಸುತ್ತೇನೆಂದು ಅವರು ಮಾತು ಕೊಟ್ಟಾಗಿತ್ತು. ಶನಿವಾರ ಸಂಜೆ ಎರಡು ಅಂಗಡಿಗಳಲ್ಲಿ "ಗುಜರಿಗೆ ಹಾಕಿ" ಎಂದರು. ಮೂರನೆಯದು ನಿಮ್ಮದು, ಷಟರ್ ಅರ್ಧ ಎಳೆದಿದ್ದಿರಿ.

ಮತ್ತೆ ಮೇಲೆತ್ತಿದಿರಿ. "ಕಾರ್ಲ್ ಝೈಸ್, ಯೆನಾ" ಎಂಬ ಕೆತ್ತನೆಯನ್ನು ಹೆಬ್ಬೆರಳಿನಿಂದ ಸವರಿ, ಕೆಲಸ ಮಾಡುತ್ತಲೇ ಕಥೆ ಹೇಳಿದಿರಿ: 1846ರಲ್ಲಿ ಜರ್ಮನಿಯ ಯೆನಾ ಊರಿನಲ್ಲಿ ಕಾರ್ಯಾಗಾರ ತೆರೆದ ಝೈಸ್, ಅಂದಾಜಿನ ಮೇಲೆ ಮಸೂರ ಜೋಡಿಸಿದ್ದು ಇನ್ನು ಸಾಕೆಂದು 1866ರಲ್ಲಿ ಭೌತವಿಜ್ಞಾನಿ ಅರ್ನ್ಸ್ಟ್ ಆಬೆಯನ್ನು ಕರೆತಂದದ್ದು, ಇದ್ದ ಗಾಜು ಸಾಲದೆ, 1884ರಲ್ಲಿ ಗಾಜಿನ ರಸಾಯನತಜ್ಞ ಒಟ್ಟೊ ಶಾಟ್ ಜೊತೆ ಗಾಜಿನ ಕಾರ್ಖಾನೆಯೇ ಶುರುವಾದದ್ದು. ನನ್ನ ಕಿವಿ ಅರ್ಧ ಕಥೆಯಲ್ಲಿ, ಕಣ್ಣು ಪೂರ್ತಿ ನಿಮ್ಮ ಕೈಯಲ್ಲಿ.

ಮುರಿದದ್ದು ಏನೂ ಇರಲಿಲ್ಲ. ಹಳೆಯ ಗ್ರೀಸ್ ಒಣಗಿ ಅಂಟಾಗಿತ್ತು, ಅಷ್ಟೇ. ಬಿಚ್ಚಿದ ತಿರುಪುಗಳನ್ನು ಊಟದ ಡಬ್ಬಿಯ ಮುಚ್ಚಳದಲ್ಲಿ ಬಿಚ್ಚಿದ ಕ್ರಮದಲ್ಲೇ ಸಾಲಾಗಿಟ್ಟಿರಿ. ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ, ಗುಂಡಿಯ ಹಲ್ಲುಚಕ್ರದ ಒಂದೊಂದು ಹಲ್ಲನ್ನೂ ಒರೆಸಿದಿರಿ. ಮಸೂರ ಒರೆಸಲು ನಾನು ಕರವಸ್ತ್ರ ತೆಗೆದಾಗ ಗದರಲಿಲ್ಲ, ಸುಮ್ಮನೆ ಕೈ ಅಡ್ಡ ಹಿಡಿದಿರಿ.

ಗುಂಡಿ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು. ಡಬ್ಬಿಯಲ್ಲಿ ಉಳಿದಿದ್ದ ಈರುಳ್ಳಿ ಹೋಳಿನ ಪೊರೆ ಸುಲಿದು, ಗಾಜಿನ ಮೇಲಿಟ್ಟು, "ನೋಡಿ" ಎಂದಿರಿ. ಇಟ್ಟಿಗೆ ಗೋಡೆಯಂಥ ಕೋಶಗಳು! ನನಗೆ ಉಸಿರು ಬಂತು.

ತೆಗೆದುಕೊಂಡದ್ದು 150 ರೂಪಾಯಿ. ಹೆಸರು ಕೇಳಲು ಮರೆತೆ, ಕ್ಷಮಿಸಿ. ಧನ್ಯವಾದಗಳು. ನಮ್ಮ ಮನೆಯಲ್ಲೀಗ ಅಡುಗೆಗೆ ಈರುಳ್ಳಿ ಉಳಿಯುತ್ತಿಲ್ಲ.