‘ಸಾಕಷ್ಟು’ ಎಂದರೆ ‘ಬಹಳ’ ಅಲ್ಲ

ಮಾನ್ಯರೇ,

‘ಪ್ರವಾಹದಿಂದ ಸಾಕಷ್ಟು ಹಾನಿ’, ‘ಅಪಘಾತಗಳಲ್ಲಿ ಸಾಕಷ್ಟು ಸಾವುನೋವು’ ಎಂಬ ಮಾತುಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುತ್ತಿವೆ. ಊಟದೆಲೆಯ ಮೇಲೆ ಕೈ ಅಡ್ಡ ಹಿಡಿದು ಹೇಳುತ್ತೇವಲ್ಲ, ಆ ‘ಸಾಕು’ ಈ ಪದದ ಒಳಗಿದೆ. ಅಗತ್ಯ ತೀರುವಷ್ಟು ಎಂಬುದೇ ಅದರ ಅರ್ಥ. ಹಾನಿ, ಸಾವು ಯಾರಿಗೂ ಅಗತ್ಯವಲ್ಲ. ಅಲ್ಲಿ ‘ಅಪಾರ’, ‘ಭಾರಿ’, ‘ಬಹಳ’ ಎನ್ನಬೇಕು. ಅಂಕಿ ಗೊತ್ತಿದ್ದರೆ ಅದನ್ನೇ ಬರೆಯುವುದು ಇನ್ನೂ ಒಳ್ಳೆಯದು.

ಆಡುಮಾತಿನಲ್ಲಿ ‘ಸಾಕಷ್ಟು’ ಎಂಬುದು ‘ಬಹಳ’ದ ಕಡೆಗೆ ಜಾರಿರುವುದು ನಿಜ. ಆದರೆ ಸುದ್ದಿಯಲ್ಲಿ ಹಾಗೆ ಜಾರಿದರೆ ಓದುಗರು ಮೋಸಹೋಗುತ್ತಾರೆ. ‘ಗೋದಾಮಿನಲ್ಲಿ ಸಾಕಷ್ಟು ಯೂರಿಯಾ ಇದೆ’ ಎಂದು ಓದಿದ ರೈತ ಏನೆಂದು ತಿಳಿಯಬೇಕು? ತಾಲ್ಲೂಕಿಗೆ 45 ಕೆ.ಜಿ.ಯ 10,000 ಚೀಲ ಬೇಕಿದ್ದು, ಇರುವುದು 8,000 ಎಂದುಕೊಳ್ಳೋಣ. ಅದು ಬಹಳ ಹೌದು, ಸಾಕಷ್ಟು ಅಲ್ಲ. ಸುದ್ದಿ ತಿದ್ದುವವರು ‘ಸಾಕಷ್ಟು’ ಇದ್ದಲ್ಲಿ ‘ಸಾಲುವಷ್ಟು’ ಇಟ್ಟು ಒಮ್ಮೆ ಓದಿಕೊಂಡರೆ ತಪ್ಪು ತಾನೇ ಎದ್ದು ಕಾಣುತ್ತದೆ. ‘ಆಸ್ಪತ್ರೆಯಲ್ಲಿ ಸಾಲುವಷ್ಟು ಔಷಧಿ ಇಲ್ಲ’ ಎಂಬುದು ನಿಲ್ಲುತ್ತದೆ, ‘ಸಾಲುವಷ್ಟು ಹಾನಿ’ ನಿಲ್ಲದು. ‘ಯಥೇಚ್ಛ’ವೂ ಹಾಗೆಯೇ. ಇಚ್ಛೆ ಇದ್ದಷ್ಟು ಎಂಬ ಆ ಪದವನ್ನು ಡೆಂಗಿ ಜ್ವರಕ್ಕೆ ಹಚ್ಚಬಾರದು.

‘ಹೆಚ್ಚುವರಿ’ಯದು ಬೇರೆ ತೊಡಕು. ಸೇರಿಸಿದ್ದಕ್ಕೂ ಅದೇ, ಮಿಕ್ಕಿದ್ದಕ್ಕೂ ಅದೇ. 2018ರ ಫೆಬ್ರುವರಿ 16ರ ಕಾವೇರಿ ತೀರ್ಪಿನಲ್ಲಿ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಸಿಕ್ಕ 14.75 ಟಿಎಂಸಿ ಅಡಿ ನಮ್ಮ ಪಾಲಿಗೆ ಸೇರಿದ ನೀರು. ಗಡಿಯ ಅಳತೆ ಕೇಂದ್ರವಾದ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ ಹರಿಸಬೇಕಾದ 177.25 ಟಿಎಂಸಿ ಅಡಿಯನ್ನೂ ದಾಟಿ ಹೋಗುವುದು ಮಿಕ್ಕ ನೀರು. ಮೇಕೆದಾಟು ಅಣೆಕಟ್ಟೆಯ ಚರ್ಚೆಯಲ್ಲಿ ಎರಡನ್ನೂ ‘ಹೆಚ್ಚುವರಿ ನೀರು’ ಎಂದರೆ, ಯಾವ ನೀರಿನ ಮಾತು ಎಂದು ಓದುಗರಿಗೆ ಹೇಗೆ ತಿಳಿಯಬೇಕು? ‘ಹೆಚ್ಚುವರಿ ಶಿಕ್ಷಕರು’ ಎಂಬ ತಲೆಬರಹವೂ ಅಷ್ಟೆ: ಹೊಸದಾಗಿ ಬರುವವರೋ, ಮಕ್ಕಳ ಸಂಖ್ಯೆ ಇಳಿದದ್ದರಿಂದ ಬೇರೆ ಶಾಲೆಗೆ ಹೋಗಬೇಕಾದವರೋ?

ಕೊನೆಯದಾಗಿ, ನಗರಸಭೆಗಳ ‘ಉಳಿತಾಯ ಬಜೆಟ್’. ಅಂದಾಜು ಆದಾಯ ಅಂದಾಜು ವೆಚ್ಚಕ್ಕಿಂತ ಹೆಚ್ಚಿದೆ ಎಂಬುದಷ್ಟೇ ಅಲ್ಲಿನ ವಿಷಯ. ಆ ವರ್ಷದ ತೆರಿಗೆ ಇನ್ನೂ ವಸೂಲಾಗಿರುವುದಿಲ್ಲ, ಉಳಿಸಿದ್ದು ಎಲ್ಲಿ ಬಂತು? ದಯವಿಟ್ಟು ‘ಮಿಗತೆ ಬಜೆಟ್’ ಎಂದು ಬರೆಯಿರಿ. ವರ್ಷದ ಕೊನೆಗೆ ಖರ್ಚು ಕಳೆದು ಕೈಯಲ್ಲಿ ನಿಜಕ್ಕೂ ಹಣ ನಿಂತರೆ, ಆಗ ‘ಉಳಿತಾಯ’ ಎನ್ನಬಹುದು.

– ಕನ್ನಡ ಅಧ್ಯಾಪಕ, ಮೈಸೂರು