ಟೆಲಾರ್ಮಚಾಯ್‌ನ ಮರಿಮೂಳೆಗಳು

ಪ್ರಿಯ ಗೆಳೆಯಾ,

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಜನ ಬೇಟೆ ಬಿಟ್ಟು ಸಾಕಣೆಗೆ ಇಳಿದದ್ದು ಬರೀ ಮೂಳೆಯಿಂದ ಹೇಗೆ ಗೊತ್ತಾಗುತ್ತದೆ ಎಂದು ನೀನು ಕೇಳಿದ್ದೆ. ಪೆರುವಿನ ಹುನಿನ್ ಪ್ರಸ್ಥಭೂಮಿಯಲ್ಲಿ, 4,420 ಮೀಟರ್ ಎತ್ತರದಲ್ಲಿ ಟೆಲಾರ್ಮಚಾಯ್ ಎಂಬ ಕಲ್ಲಾಸರೆ ಇದೆ. ಅದರ ಕೆಳಗಿನ ಪದರಗಳಲ್ಲಿ ಜಿಂಕೆಯ ಜೊತೆ ಗ್ವಾನಾಕೊ, ವಿಕುನ್ಯಾ ಎಂಬ ಒಂಟೆ ಕುಲದ ಕಾಡುಪ್ರಾಣಿಗಳ ಮೂಳೆಗಳು ಬೆರೆತಿವೆ. ಮೇಲೆ ಬಂದಂತೆ ಜಿಂಕೆ ಕಡಿಮೆಯಾಗುತ್ತದೆ. ಸುಮಾರು 6,000 ವರ್ಷ ಹಿಂದಿನ ಪದರದಿಂದಾಚೆಗೆ ಆಗತಾನೇ ಹುಟ್ಟಿದ ಮರಿಗಳ ಮೂಳೆಯೇ ಹೆಚ್ಚುತ್ತಾ ಹೋಗಿ, ಕೊನೆಗೆ ಒಂಟೆ ಕುಲದ ಮೂಳೆಗಳಲ್ಲಿ ಅರ್ಧಕ್ಕೂ ಮಿಕ್ಕುತ್ತದೆ.

ಪ್ರಾಚೀನ ಪ್ರಾಣಿಮೂಳೆಗಳ ತಜ್ಞೆ ಜೇನ್ ವೀಲರ್ ಇದನ್ನು ಅರ್ಥೈಸಿದ ರೀತಿ ನನಗೆ ಬಹಳ ಇಷ್ಟ. ಹಿಡಿ ಮಾಂಸವೂ ಇರದ ಎಳೆ ಮರಿಯ ಬೆನ್ನು ಯಾವ ಬೇಟೆಗಾರನೂ ಹತ್ತುವುದಿಲ್ಲ. ಈ ಮರಿಗಳು ರೋಗದಿಂದ ಸತ್ತವು. ಮಳೆಗಾಲದಲ್ಲಿ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಮರಿ ಹಾಕುವ ಹೊತ್ತಿಗೆ ದೊಡ್ಡಿ ಹಿಕ್ಕೆ-ಗಂಜಲದ ಕೆಸರಾಗಿರುತ್ತದೆ. ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಕರುಳು ಸೇರಿದರೆ ಮರಿ ಉಳಿಯುವುದು ಕಷ್ಟ. ಇವತ್ತಿಗೂ ಅಲ್ಲಿ ಅದೇ ಕುಲದ ಸಾಕುಪ್ರಾಣಿ ಆಲ್ಪಾಕಾದ ಮರಿಗಳನ್ನು ಕೊಲ್ಲುವುದು ಇದೇ. ನಮ್ಮ ಕುರಿಗಾರರು ಮುಂಗಾರಿಗೆ ಮುಂಚೆ ಕರುಳುಬೇನೆಯ ಲಸಿಕೆ ಹಾಕಿಸುತ್ತಾರಲ್ಲ, ಅದೂ ಇದೇ ಬ್ಯಾಕ್ಟೀರಿಯಾಕ್ಕೆ! ದೊಡ್ಡಿಯ ಬೇಲಿ ಉಳಿಯದಿದ್ದರೂ ಅಲ್ಲೊಂದು ದೊಡ್ಡಿಯಿತ್ತು ಎನ್ನುವುದನ್ನು ಸತ್ತ ಮರಿಗಳು ಹೇಳುತ್ತವೆ.

ಇನ್ನೊಂದು ಸಾಕ್ಷಿ ಬಾಚಿಹಲ್ಲು. ವಿಕುನ್ಯಾದ್ದು ಉದ್ದ, ಕಿರಿದು. ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊದಿಕೆ, ಮುಂಭಾಗಕ್ಕೆ ಮಾತ್ರ, ಬೇರು ತೆರೆದೇ ಇರುತ್ತದೆ. ಗ್ವಾನಾಕೊ ಮತ್ತು ಸಾಕುಪ್ರಾಣಿ ಲಾಮಾಗಳದ್ದು ಸಲಿಕೆಯಾಕಾರ, ಸುತ್ತಲೂ ಎನಾಮಲ್, ಬೇರು ಮುಚ್ಚಿರುತ್ತದೆ. ಆಲ್ಪಾಕಾದ್ದು ಇವೆರಡರ ನಡುವಿನದು, ಅಂಥ ಹಲ್ಲೂ ಅಲ್ಲಿ ಸಿಕ್ಕಿದೆ. ಬರೀ ಕಾಲುಬೆರಳಿನ ಮೂಳೆ ಅಳೆದರೆ ದೊಡ್ಡದು, ಚಿಕ್ಕದು ಎಂಬ ಎರಡು ಗುಂಪಾಗುತ್ತದೆ ಅಷ್ಟೆ; ಕಾಡಿನದೋ ಸಾಕಿದ್ದೋ ಎನ್ನುವುದು ತಿಳಿಯದು.

ಎಡವುವುದು ಅಗೆದ ಮಣ್ಣು ಸೋಸುವ ಜರಡಿಯಲ್ಲಿ. 6 ಮಿ.ಮೀ. ಕಣ್ಣಿನ ಜರಡಿ ಹಿಡಿದರೆ ಗಿನಿಪಿಗ್ ಮೂಳೆ, ಆಂಚೊವಿ ಮೀನಿನ ಬೆನ್ನುಮಣಿ ಎಲ್ಲ ಮಣ್ಣಿನ ಜೊತೆ ಸೋರಿಹೋಗುತ್ತವೆ. ಸಮುದ್ರದಿಂದ ಸುಮಾರು 23 ಕಿ.ಮೀ. ಒಳಗಿರುವ, ಪೆರುವಿನ ಪ್ರಾಚೀನ ನಗರ ಕರಾಲ್‌ನ ಜನ ಆಂಚೊವಿ ತಿನ್ನುತ್ತಿದ್ದರು ಎನ್ನುವುದು ಅಂಥ ಚೂರುಗಳಿಂದಲೇ ತಿಳಿಯುವುದು. ಹಾಗಾಗಿ 2 ಮಿ.ಮೀ. ಜರಡಿಯೂ ಜೊತೆಗಿರಬೇಕು.

ಚಾರ್ಕಿಯ ವಿಷಯದಲ್ಲೂ ಎಚ್ಚರ ಬೇಕು. ರಾತ್ರಿಯ ಹಿಮ, ಹಗಲಿನ ಬಿಸಿಲಿಗೆ ಮೂಳೆಸಮೇತ ಒಣಗಿಸಿದ ಮಾಂಸ ಅದು. ಅದನ್ನು ಕೆಳಗಿನ ಕಣಿವೆಗೆ ಸಾಗಿಸಿದಾಗ ತಲೆ, ಪಾದ ಮೇಲೆಯೇ ಉಳಿಯುತ್ತವೆ ಎಂಬ ವಾದವಿದೆ. ಆದರೆ ಮೆತ್ತಗಿನ ಮೂಳೆಯನ್ನು ನಾಯಿ ಜಗಿದು ಮುಗಿಸಿದ್ದರೂ ಲೆಕ್ಕ ಏರುಪೇರಾಗುತ್ತದೆ. ಮೂಳೆಯ ಮೇಲೆ ನಾಯಿಹಲ್ಲಿನ ಗುರುತಿದೆಯೇ ಎಂದು ನೋಡದೆ ವ್ಯಾಪಾರದ ಮಾತೆತ್ತಬಾರದು.

ಎಲ್ಲಾದರೂ ಇಂಥ ಬಾಚಿಹಲ್ಲು ಕಂಡರೆ ಬೇರಿನ ತುದಿಯ ಫೋಟೊವನ್ನೂ ತೆಗೆದು ಕಳಿಸು.

ನಿನ್ನ ಗೆಳೆಯ